ಅಕ್ಕಿ ಚೀಲದ ಮ್ಯಾಲಿನ 890

ಗಂಗಾವತಿ ಸೋನಾ ಮಸೂರಿ ಪ್ಯಾಕೆಟ್ ಮನ್ಯಾಗ ಐತೇನ್ರಿ?
ತಿರುವಿ ನೋಡ್ರಿ.
ಕಪ್ಪು ಗೆರಿ. ಕೆಳಗ 13 ಅಂಕಿ.
ಮೊದಲ ಮೂರು 890 ಅದಾವೇನು?

ಹಂಗಂದ್ರ ಭಾರತದಾಗ ಬೆಳೆದ ಅಕ್ಕಿ ಅಂತ
ಭಾಳ ಮಂದಿ ತಿಳಕೊಂಡಾರ.
ಅಲ್ರಿ!
ಕಂಪನಿ ಆ ನಂಬರ್ ತಗೊಂಡದ್ದು
ಬಾರ್‌ಕೋಡ್ ನಂಬರ್ ಕೊಡೋ ಜಿಎಸ್1 ಇಂಡಿಯಾ ಸಂಸ್ಥೆಯಿಂದ. ಅಷ್ಟ.
ಬೆಳೆದ ಊರು ಅದರಾಗ ಇಲ್ಲ.

ಮತ್ತೇನೈತಿ?
ಹೊಲಕ್ಕೊಂದು ಸರ್ವೆ ನಂಬರ್ ಇರ್ತೈತಲ್ಲ, ಹಂಗ.
ನಂಬರಿನಾಗ ಮಾಲೀಕನ ಹೆಸರಿಲ್ಲ, ಬೆಳಿ ಇಲ್ಲ.
ಆದ್ರ ಅದನ್ನ ಹಾಕಿದ್ರ
ಪೂರ್ತಿ ಪಹಣಿನ ಬರ್ತೈತಿ.
ಅಂಗಡ್ಯಾಗ ಸ್ಕ್ಯಾನ್ ಮಾಡಿದ್ರೂ ಹಂಗ.
ಹೆಸರು, ತೂಕ, ರೇಟು
ಅವರ ಕಂಪ್ಯೂಟರಿನಿಂದ ಬರ್ತಾವ.

5 ಕೆಜಿಗೊಂದು ನಂಬರ್.
10 ಕೆಜಿಗೆ ಬ್ಯಾರೆ.

ಇಂಥ ನಂಬರಿನ ಮೊದಲ ಸ್ಕ್ಯಾನ್ 1974ರ ಜೂನ್ 26ಕ್ಕ,
ಅಮೆರಿಕದ ಒಹಾಯೊದಾಗ,
ಒಂದು ಚೂಯಿಂಗ್ ಗಮ್ ಪ್ಯಾಕೆಟ್ಟಿಗೆ!

ಈಗ ಗೆರಿ ಜೋಡಿ ಚೌಕ ಕ್ಯೂಆರ್ ಬರಾಕತ್ತೈತಿ.
ಅದರಾಗ ಬ್ಯಾಚ್ ನಂಬರ್, ಎಕ್ಸ್‌ಪೈರಿ ಡೇಟ್ ಸುದ್ದಾ ಹಿಡಿತಾವ.
ಒಂದು ಬ್ಯಾಚ್ ಕೆಟ್ಟಿದ್ರ
ಅದೊಂದನ್ನ ಹುಡುಕಿ ವಾಪಸ್ ತರಿಸಬಹುದು.
ತಿನ್ನೋ ಪದಾರ್ಥಕ್ಕ ಇದಕ್ಕಿಂತ ದೊಡ್ಡ ಉಪಯೋಗ ಇಲ್ಲ ನೋಡ್ರಿ.
2027ರ ಕೊನಿಗೆ ಅಂಗಡಿ ಯಂತ್ರಗಳು
ಗೆರಿ, ಕ್ಯೂಆರ್ ಎರಡನ್ನೂ ಓದಬೇಕು ಅನ್ನೋದು ಜಾಗತಿಕ ಗುರಿ.

ಗಂಗಾವತಿ, ಕಾರಟಗಿ ಮಿಲ್ಲಿನ ಅಣ್ಣಾರ,
ಕುಷ್ಟಗಿ, ಯಲಬುರ್ಗಾದಾಗ
ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಮಾರೋ ಅಕ್ಕಾರ,
ದೊಡ್ಡ ಅಂಗಡಿಗೆ ಮಾಲು ಕೊಡೋದಿದ್ರ
ನಂಬರ್ ನಿಮ್ಮ ಹೆಸರಿಗೇ ತಗೋರಿ.
ಅಗ್ಗಕ್ಕ ಸಿಕ್ತಂತ
ಮಂದಿ ನಂಬರ್ ಹಾಕಬ್ಯಾಡ್ರಿ.