ಒಂದೇ ಎಲೆಯ ಅಂತರ

ಹಿಂದೆ ವಡಿಗೇನಹಳ್ಳಿಯೆಂದು ಕರೆಯಿಸಿಕೊಳ್ಳುತ್ತಿದ್ದು, ಈಗ ದೇವನಹಳ್ಳಿ ತಾಲ್ಲೂಕಿನಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಹೆಸರಾಗಿರುವ ವಿಜಯಪುರದ ಸೀಮೆಯಲ್ಲಿ, ಹಳೆಯ ಮೈಸೂರಿನ ಬಹುಭಾಗದಲ್ಲಿರುವಂತೆಯೇ, ಯುಗಾದಿಯಂದು ಇಸ್ಪೀಟಿನ ಕಟ್ಟನ್ನು ಮುಟ್ಟುವುದು ಬೇವುಬೆಲ್ಲದಷ್ಟೇ ವಿಹಿತವಾದ ಆಚಾರವೆಂದು ಭಾವಿಸುವವರು ಈಗಲೂ ಉಂಟು. ಆಡುವ ಆಟವೂ ಸಾಮಾನ್ಯವಾಗಿ ಅಂದರ್ ಬಾಹರ್. ಗೂಡು ಮಾರುವಾಗ ತೂಕದ ಮೇಲಿಂದ ಕಣ್ಣು ಕೀಳದ ರೈತನು ಇಲ್ಲಿ ಮಾತ್ರ, ಎಲೆ ಹಾಕುವವನ ಕೈಯನ್ನು ಬಿಟ್ಟು, ತಾನು ಕಟ್ಟಿದ ಪಣವನ್ನೇ ನೋಡುತ್ತ ಕೂರುವುದು ವಿಚಿತ್ರವೇ ಸರಿ.

ಕಟ್ಟಿನಿಂದ ಒಂದೆಲೆಯನ್ನು ತೆರೆದು ಜೋಕರ್ ಎಂದಿಟ್ಟು, ಉಳಿದ 51 ಎಲೆಗಳನ್ನು ಒಳಗೆ, ಹೊರಗೆ ಎಂದು ಒಂದೊಂದಾಗಿ ಹಾಕುತ್ತ ಹೋಗುವಾಗ, ಜೋಕರಿನಷ್ಟೇ ಮುಖಬೆಲೆಯ ಉಳಿದ ಮೂರೆಲೆಗಳಲ್ಲಿ ಮೊದಲನೆಯದು ಯಾವ ಪಕ್ಕಕ್ಕೆ ಬೀಳುವುದೋ ಆ ಪಕ್ಕ ಗೆದ್ದಂತೆ. ಚೆನ್ನಾಗಿ ಕಲೆಸಿದ ಕಟ್ಟಿನಲ್ಲಿ, ಮೊದಲ ಎಲೆ ಪಡೆಯುವ ಪಕ್ಕಕ್ಕೆ ಜಯದ ಸಂಭವ ನೂರಕ್ಕೆ ಸುಮಾರು 51.5, ಇನ್ನೊಂದಕ್ಕೆ 48.5. ಎಲೆಯ ಸ್ಥಾನ ಬೆಸವಾದರೆ ಇತ್ತ, ಸರಿಯಾದರೆ ಅತ್ತ. ಜಯಾಪಜಯಗಳೆಲ್ಲ ಇಷ್ಟರಲ್ಲೇ ಅಡಗಿವೆ. ರಮ್ಮಿಯಲ್ಲಿ ವಂಚಕನಾದವನು 13 ಎಲೆಗಳ ಹೊಂದಾಣಿಕೆಗಾಗಿ ಪರಿತಪಿಸಬೇಕು. ಇಲ್ಲಿಯಾದರೋ ಒಂದೇ ಎಲೆಯನ್ನು ಒಂದೇ ಸ್ಥಾನ ಜರುಗಿಸಿದರೆ ಸಾಕು.

ಜರುಗಿಸುವ ಬಗೆ ಹೀಗೆ. ಬೆನ್ನಿನ ಮೇಲೆ ಉಗುರಿನಿಂದ ಮಾಡಿದ ಗುರುತಿನಿಂದಲೋ, ಮೂಲೆಯನ್ನು ತುಸು ಬಾಗಿಸಿ ಇಣುಕುವುದರಿಂದಲೋ, ಮೇಲಿನ ಎಲೆ ಗೆಲ್ಲುವ ಎಲೆಯೆಂದೂ ಅದು ಹೆಚ್ಚು ಹಣ ಬಿದ್ದಿರುವ ಪಕ್ಕಕ್ಕೇ ಹೋಗಲಿದೆಯೆಂದೂ ತಿಳಿದವನು, ಅದನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು, ಅದರ ಕೆಳಗಿನದನ್ನು ಜಾರಿಸಿಕೊಡುತ್ತಾನೆ. ತಡೆದ ಎಲೆ ಮರುಗಳಿಗೆಯೇ ಎದುರು ಪಕ್ಕಕ್ಕೆ ಬೀಳುತ್ತದೆ. ಅರ್ಡ್‌ನೇಸ್ ಎಂಬ ಗುಪ್ತನಾಮದವನೊಬ್ಬನು 1902ರಲ್ಲಿ ಚಿಕಾಗೋದಲ್ಲಿ ಅಚ್ಚು ಹಾಕಿಸಿದ ಗ್ರಂಥದಲ್ಲಿ ಈ ವಿದ್ಯೆ ಸಾಂಗವಾಗಿ ವಿವರಿಸಲ್ಪಟ್ಟಿದೆ. ತನಗೆ ಹಣದ ಅಗತ್ಯವಿರುವುದರಿಂದಲೇ ಬರೆದೆನೆಂದು ಮುನ್ನುಡಿಯಲ್ಲಿ ಒಪ್ಪಿಕೊಂಡಿರುವ ಆ ಪುಣ್ಯಾತ್ಮನ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು.

ಇದನ್ನು ಹಿಡಿಯುವುದು ಕಷ್ಟ, ಅಸಾಧ್ಯವಲ್ಲ. ಎರಡೆಲೆಗಳ ನಡುವಿನಿಂದ ಉಜ್ಜಿಕೊಂಡು ಬರುವ ಎಲೆಯ ಸದ್ದು, ಮೇಲಿನಿಂದ ಸಹಜವಾಗಿ ಜಾರುವ ಎಲೆಯ ಸದ್ದಿಗಿಂತ ಒರಟಾಗಿರುತ್ತದೆ. ತೋರುಬೆರಳು ಕಟ್ಟಿನ ಮುಂಭಾಗವನ್ನು ಸುತ್ತಿ ಹಿಡಿದಿದ್ದು, ಹೆಬ್ಬೆರಳು ಮುಂದೆ ಹೋಗಿ ಹಿಂದೆ ಬಂದರೂ ಮೇಲಿನ ಎಲೆ ಕದಲದಿದ್ದರೆ ಸಂಶಯಪಡಬೇಕು. ಎರಡೆಲೆಗಳನ್ನು ಅಂಟಿಸಿದಂತೆ ಒಂದಾಗಿ ಹಾಕುವ ಮೋಸಕ್ಕಂತೂ ಕಣ್ಣೂ ಬೇಡ, ಎಣಿಕೆಯೇ ಸಾಕು: ಮೊದಲ ಎಲೆ ಪಡೆದ ಪಕ್ಕ ಗೆದ್ದರೆ ಆ ಗುಂಪಿನಲ್ಲಿ ಒಂದೇ ಒಂದು ಎಲೆ ಹೆಚ್ಚಿರಬೇಕು, ಇನ್ನೊಂದು ಪಕ್ಕ ಗೆದ್ದರೆ ಎರಡೂ ಸಮವಿರಬೇಕು. ಆಟ ಮುಗಿದೊಡನೆ ಎಲೆಗಳನ್ನು ಅವಸರದಿಂದ ಬಾಚಿಕೊಳ್ಳುವವನಿಗೆ ಎಣಿಸಲು ಹೇಳಿ ನೋಡಿ! ಗುರುತು ಮಾಡಿದ ಎಲೆಗಳಿದ್ದರೆ, ಕಟ್ಟಿನ ಬೆನ್ನನ್ನು ನೋಡುತ್ತ ಹೆಬ್ಬೆರಳಿನಿಂದ ಸರಸರನೆ ಬಿಟ್ಟಾಗ ಚಿತ್ತಾರವು ಚಲಚ್ಚಿತ್ರದಂತೆ ಕುಣಿಯುತ್ತದೆ. ಶುದ್ಧವಾದ ಕಟ್ಟಿನಲ್ಲಿ ಅದು ನಿಶ್ಚಲ. ಕಟ್ ಮಾಡುವವನು ಎಲೆ ಹಾಕುವವನ ಜೊತೆಗಾರನಾಗಿರಬಾರದೆಂಬುದನ್ನು ಹೇಳಬೇಕಾಗಿಲ್ಲ.

ಕೌಟಿಲ್ಯನು ಇದನ್ನೆಲ್ಲ ಆಡುವವರ ಎಚ್ಚರಕ್ಕೆ ಬಿಟ್ಟವನಲ್ಲ. ಅವನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೇ ಶುದ್ಧವಾದ ದಾಳಗಳನ್ನು ಒದಗಿಸಬೇಕು. ಬದಲಿಸಿದವನಿಗೆ 12 ಪಣ ದಂಡ. ಕಪಟದಿಂದ ಆಡಿದವನಿಗೆ ದಂಡವಲ್ಲದೆ ಗೆದ್ದುದರ ಮುಟ್ಟುಗೋಲು. ಗೆಲುವಿನಲ್ಲಿ ನೂರಕ್ಕೆ 5 ರಾಜಭಾಗ. ಜೂಜನ್ನು ಹತ್ತಿಕ್ಕದೆ ರಾಜ್ಯವೇ ಅದರ ಕಾವಲಿಗೆ ನಿಂತ ಏರ್ಪಾಡು ಅದು.

ನಮ್ಮ ಕಾನೂನಿನ ದಾರಿ ಬೇರೆ. ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ರಮ್ಮಿಯನ್ನು ಕೌಶಲ್ಯಪ್ರಧಾನವಾದ ಆಟವೆಂದು ಎತ್ತಿಹಿಡಿಯಿತು. ಅಂದರ್ ಬಾಹರಿಗೆ ಆ ಆಶ್ರಯ ದೊರೆತಿಲ್ಲ. 1963ರ ಕರ್ನಾಟಕ ಪೊಲೀಸ್ ಅಧಿನಿಯಮದಡಿ ಜೂಜಿನ ಮನೆಯನ್ನು ನಡೆಸುವುದಷ್ಟೇ ಅಲ್ಲ, ಅಲ್ಲಿ ಕುಳಿತು ಆಡುವುದೂ ಅಪರಾಧ. ಪಣದ ಕರಾರು ಅಸಿಂಧುವೆಂದು 1872ರ ಕರಾರು ಅಧಿನಿಯಮ ಸಾರುವುದರಿಂದ, ಗೆದ್ದ ಹಣಕ್ಕಾಗಿ ದಾವೆಯೂ ನಡೆಯದು. ಆದುದರಿಂದ, ಎಲೆ ಎಣಿಸಿ ಮೋಸವನ್ನು ಕಣ್ಣಾರೆ ಕಂಡವನೂ, ಠಾಣೆಯ ಮೆಟ್ಟಿಲು ಹತ್ತಿ ದೂರು ಹೇಳಬೇಕಾದರೆ, ತಾನೂ ಕಂಬಳಿಯ ಮೇಲೆ ಪಣ ಕಟ್ಟಿ ಕುಳಿತಿದ್ದೆನೆಂದು ಮೊದಲು ಒಪ್ಪಿಕೊಳ್ಳಬೇಕಾಗುತ್ತದೆ; ಅಡ್ಡೆ ನಡೆಸುವವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು.