ಕುಡಿಯದ ಕಾಕಾನ ಲಿವರ್ ಯಾಕ ಕೆಡ್ತು?

“ಕಾಕಾನ ಹೊಟ್ಟಿ ಬಾತೈತಿ. ಡಾಕ್ಟರು ಸಿರೋಸಿಸ್ ಅಂದ್ರು. ಹೊರಗ ಯಾರಿಗೂ ಹೇಳಬ್ಯಾಡ.”

ಬೈಲಹೊಂಗಲದಿಂದ ಬೆಂಗಳೂರಿನ ಪಿಜಿಗೆ ಇಂಥ ಫೋನ್ ಬಂದರೆ ತಲೆಯಲ್ಲಿ ಮೂಡುವ ಪ್ರಶ್ನೆ ಒಂದೇ: ಕಾಕಾ ಒಂದು ಹನಿ ಮುಟ್ಟಿದವರಲ್ಲ, ಹಂಗಾರ ಲಿವರ್ ಯಾಕ ಕೆಡ್ತು? ಊರವರು ಕುಡುಕ ಅಂದಾರು ಅನ್ನೋ ಅಂಜಿಕೆಯಲ್ಲೇ ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ತಡವಾಗುತ್ತದೆ.

ಕುಡಿತ ದೊಡ್ಡ ಕಾರಣ, ನಿಜ. ಆದರೆ ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳಿಂದಲೂ ಸಿರೋಸಿಸ್ ಬರುತ್ತದೆ. ಸಕ್ಕರೆ ಕಾಯಿಲೆ, ಬೊಜ್ಜಿನ ಜೊತೆ ಬರುವ ಫ್ಯಾಟಿ ಲಿವರ್ ಕೂಡ ಕೆಲವರನ್ನು ಅಲ್ಲಿಗೇ ಒಯ್ಯುತ್ತದೆ. ಇಡೀ ದಿನ ಕುರ್ಚಿಯಲ್ಲಿ ಕೂತು, ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ತರಿಸಿಕೊಳ್ಳುವ ನಮಗೂ ಇದು ದೂರದ ಮಾತಲ್ಲ.

ಒಳಗೆ ಆಗೋದೇನು?

ಲಿವರಿಗೆ ಸಣ್ಣಪುಟ್ಟ ಪೆಟ್ಟಾದರೆ ತಾನೇ ಸರಿಮಾಡಿಕೊಳ್ಳುತ್ತದೆ. ವರ್ಷಗಟ್ಟಲೆ ಪೆಟ್ಟು ಬೀಳುತ್ತಲೇ ಇದ್ದರೆ ಮೆತ್ತಗಿದ್ದದ್ದು ಗಟ್ಟಿಯಾಗಿ, ಗಂಟುಗಂಟಾಗುತ್ತದೆ. ಇದೇ ಸಿರೋಸಿಸ್. ಶುರುವಿನಲ್ಲಿ ಸುಸ್ತು ಬಿಟ್ಟರೆ ಬೇರೇನೂ ಗೊತ್ತಾಗದೇ ಇರಬಹುದು.

ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟು ನೋಡಿದ್ದೀರಲ್ಲ? ಗೇಟ್ ಮುಚ್ಚಿದರೆ ಮಲಪ್ರಭೆಯ ನೀರು ಹಿಂದಕ್ಕೆ ಏರುತ್ತದೆ. ಕರುಳಿನಿಂದ ಲಿವರಿಗೆ ಬರುವ ರಕ್ತದ್ದೂ ಅದೇ ಕಥೆ. ಗಟ್ಟಿಯಾದ ಲಿವರಿನೊಳಗೆ ದಾರಿ ಸಿಗದೆ ಹಿಂದೆ ಒತ್ತಡ ಏರುತ್ತದೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಗುಲ್ಮ ದೊಡ್ಡದಾಗಿ ಪ್ಲೇಟ್‌ಲೆಟ್ ಇಳಿಯುತ್ತವೆ. ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆದರೆ ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ.

ಲಿವರ್ ತಯಾರಿಸುವ ಅಲ್ಬುಮಿನ್ ಕಡಿಮೆಯಾದಾಗ ಕಾಲು ಬಾಯುತ್ತವೆ. ಅಮೋನಿಯಾದಂಥ ವಿಷ ಸೋಸದೆ ಮಿದುಳು ಮುಟ್ಟಿದರೆ ಹಗಲು ನಿದ್ದೆ, ರಾತ್ರಿ ಎಚ್ಚರ, ಕೈನಡುಕ, ತೊದಲು ಮಾತು. “ಗಾಳಿ ಸೋಕೈತಿ” ಅಂತ ಯಂತ್ರ ಕಟ್ಟಿಸಲು ಓಡೋದು ಇಲ್ಲೇ. ದಯವಿಟ್ಟು ಓಡಬೇಡಿ. ರಕ್ತವಾಂತಿ, ಕಪ್ಪು ಮಲ, ಗೊಂದಲದ ಮಾತು, ಹೊಟ್ಟೆನೀರಿನ ಜೊತೆ ಜ್ವರ ಕಂಡರೆ ತಕ್ಷಣ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

ಊರಿಗೆ ಹೋದಾಗ ಇಷ್ಟು ನೋಡಿ

* ಕಾಮಣಿಗೆ ಅಂತ ಕೊಡುವ ಹೆಸರಿಲ್ಲದ ಔಷಧಿ ಬೇಡ. ಮೊಣಕಾಲು ನೋವಿಗೆ ಅಂಗಡಿಯಿಂದ ತರುವ ಗುಳಿಗೆಯೂ ಡಾಕ್ಟರನ್ನು ಕೇಳದೆ ಬೇಡ. ಕಿಡ್ನಿಗೂ ಪೆಟ್ಟು, ರಕ್ತಸ್ರಾವದ ಭಯವೂ ಉಂಟು.
* ಪಥ್ಯ ಅಂತ ಬರೀ ಗಂಜಿ ಕುಡಿಸಬೇಡಿ. ಮೈಮಾಂಸ ಕರಗುವ ರೋಗ ಇದು. ಬೇಳೆ, ಕಾಳು, ಮೊಸರು ಬೇಕು. ಮಲಗುವ ಮುಂಚೆ ಸ್ವಲ್ಪ ತಿನ್ನಲಿ. ಉಪ್ಪಿನಕಾಯಿ, ಹಪ್ಪಳ ದೂರವಿರಲಿ.
* ಆರು ತಿಂಗಳಿಗೊಮ್ಮೆ ಸೋನೋಗ್ರಫಿ ತಪ್ಪಿಸಬೇಡಿ. ಲಿವರ್ ಕ್ಯಾನ್ಸರ್ ಬೇಗ ಸಿಕ್ಕರೆ ಚಿಕಿತ್ಸೆಗೆ ದಾರಿ ಇರುತ್ತದೆ.
* ಕಾಕಾಗೆ ಹೆಪಟೈಟಿಸ್ ಬಿ ಇದ್ದರೆ ಕಾಕು, ಮಕ್ಕಳೂ ಪರೀಕ್ಷೆ ಮಾಡಿಸಲಿ. ಸೋಂಕು ಇಲ್ಲದವರಿಗೆ ಲಸಿಕೆ ಇದೆ. ಹೆಪಟೈಟಿಸ್ ಸಿ ಆದರೆ ಮೂರು ತಿಂಗಳ ಗುಳಿಗೆಯಲ್ಲಿ ಬಹುತೇಕರಿಗೆ ವೈರಸ್ಸೇ ಹೋಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇವೆರಡಕ್ಕೂ ಪರೀಕ್ಷೆ, ಔಷಧಿ ಉಚಿತ.

ಬೇಗ ಗೊತ್ತಾಗಿ ಕಾರಣ ನಿಲ್ಲಿಸಿದರೆ ಸಿರೋಸಿಸ್ ಇದ್ದೂ ವರ್ಷಗಟ್ಟಲೆ ಚೆನ್ನಾಗಿ ಬದುಕಬಹುದು. ಕೈಮೀರಿದರೆ ಲಿವರ್ ಕಸಿ ಉಂಟು; ಮೃತರ ಅಂಗದಾನವನ್ನು ರಾಜ್ಯದಲ್ಲಿ ‘ಜೀವಸಾರ್ಥಕತೆ’ ನೋಡಿಕೊಳ್ಳುತ್ತದೆ.

ಇವತ್ತೇ ಫೋನ್ ಮಾಡಿ ಕಾಕಾನ್ನ ಕೇಳಿ: “ಯಾವ ಗುಳಿಗಿ ತಗೊಳ್ಳಾಕತ್ತೀರಿ? ಸೋನೋಗ್ರಫಿ ಯಾವಾಗ ಐತಿ?” ಹಾಗೇ ನಿಮ್ಮ ಸಕ್ಕರೆ, ಸೊಂಟದ ಸುತ್ತಳತೆಯನ್ನೂ ಒಮ್ಮೆ ನೋಡಿಕೊಳ್ಳಿ.