ಸ್ಟಿರಾಯ್ಡ್ ಗುಳಿಗೆ ಇಳಿಸುವಾಗ ಗಂಟುನೋವು ಮರಳಿದರೆ

ಕೊಳೆರೋಗ ಹತ್ತಿದ ಅಡಿಕೆಯ ಬಗ್ಗೆ, ಕಾಂಡಕೊರಕ ಹೊಕ್ಕ ಕಾಫಿ ಗಿಡದ ಬಗ್ಗೆ ಈ ಪುಟಗಳಲ್ಲಿ ಬಹಳ ಸಲ ಬರೆದಿದ್ದೇವೆ. ತೋಟ ನೋಡಿಕೊಳ್ಳುವವರ ಕೈಬೆರಳಿಗೆ ಹತ್ತುವ ರೋಗದ ಬಗ್ಗೆ ಬರೆದದ್ದು ಕಡಿಮೆ. ರುಮಟಾಯ್ಡ್ ಸಂಧಿವಾತ ನಮ್ಮ ಸದಸ್ಯರ ಮನೆಗಳಲ್ಲಿ ಅಪರೂಪದ್ದೇನೂ ಅಲ್ಲ. ಅದಕ್ಕೆ ಗುಳಿಗೆ ಶುರುಮಾಡುವಾಗ ಎಲ್ಲರೂ ಡಾಕ್ಟರರ ಮಾತು ಕೇಳುತ್ತಾರೆ. ಇಳಿಸುವಾಗ ಮಾತ್ರ ಮನೆಮಂದಿಯೆಲ್ಲ ಡಾಕ್ಟರರಾಗಿಬಿಡುತ್ತಾರೆ. ಆದಕಾರಣ ಈ ಸಲ ಇಳಿಸುವ ವಿಚಾರವನ್ನೇ ತೆಗೆದುಕೊಂಡಿದ್ದೇವೆ.

ಮೊದಲು ಈ ಔಷಧಿಯ ಪೂರ್ವೋತ್ತರ ಸ್ವಲ್ಪ ತಿಳಿದಿರಬೇಕು. ೧೯೪೮ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು, ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಒಬ್ಬ ಹೆಂಗಸಿಗೆ ಮುಂದೆ ಕಾರ್ಟಿಸೋನ್ ಎಂದು ಹೆಸರಾದ ವಸ್ತುವನ್ನು ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದಳು. ಎರಡೇ ವರ್ಷದಲ್ಲಿ, ೧೯೫೦ರಲ್ಲಿ, ಹೆಂಚ್, ಕೆಂಡಲ್ ಮತ್ತು ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಪಾರಿತೋಷಕ ಸಂದಿತು. ಆದರೆ ಔಷಧಿ ನಿಲ್ಲಿಸಿದರೆ ರೋಗ ಮರಳುತ್ತದೆ, ದೊಡ್ಡ ಪ್ರಮಾಣದಲ್ಲಿ ಮುಂದುವರಿಸಿದರೆ ಮುಖ ಊದುತ್ತದೆ, ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ ಎಂಬುದೂ ಅಷ್ಟೇ ಬೇಗ ತಿಳಿಯಿತು. ಇಂದು ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುವ ಪ್ರೆಡ್ನಿಸೋಲೋನ್ ಅದೇ ಕುಟುಂಬದ್ದು. ಉರಿಯೂತವನ್ನು ಬೇಗ ಅಡಗಿಸುತ್ತದೆ, ಆದರೆ ರೋಗದ ಬೇರಿಗೆ ಕೈಹಾಕಲು ಬೇರೆ ಔಷಧಿ ಬೇಕು. ವಾರಕ್ಕೊಮ್ಮೆ ತೆಗೆದುಕೊಳ್ಳುವ ಮೆಥೊಟ್ರೆಕ್ಸೇಟ್ ಅಂಥದ್ದು. ಅದು ಕೆಲಸ ತೋರಿಸಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ನೋವು ತಡೆಯಲು ಸ್ಟಿರಾಯ್ಡ್. ಆಮೇಲೆ ಅದನ್ನು ಇಳಿಸಿ, ಸಾಧ್ಯವಾದರೆ ಬಿಡಿಸಬೇಕು.

ಇಳಿಸುವುದೇಕೆ ನಿಧಾನ? ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಎಂಬ ಎರಡು ಸಣ್ಣ ಗ್ರಂಥಿಗಳು ನಮ್ಮ ಮೈಗೆ ದಿನವೂ ಬೇಕಾದ ಸ್ಟಿರಾಯ್ಡನ್ನು ತಾವೇ ತಯಾರಿಸುತ್ತವೆ. ಪ್ರೆಡ್ನಿಸೋಲೋನ್ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ೫ ಮಿಲಿಗ್ರಾಂನಷ್ಟು. ಹೊರಗಿನಿಂದ ಮೂರು ನಾಲ್ಕು ವಾರಕ್ಕೂ ಹೆಚ್ಚು ಕಾಲ ಗುಳಿಗೆ ಬರುತ್ತಿದ್ದರೆ ಈ ಗ್ರಂಥಿಗಳು ಕೆಲಸ ಬಿಟ್ಟು ಮಲಗುತ್ತವೆ. ಅವು ಏಳಲು ಕೆಲವರಿಗೆ ವಾರಗಳು ಸಾಕು, ಕೆಲವರಿಗೆ ತಿಂಗಳುಗಟ್ಟಲೆ ಬೇಕು. ಕಾಫಿ ತೋಟದಲ್ಲಿ ಮರಗಸಿ ಮಾಡಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷಗಟ್ಟಲೆ ದಟ್ಟ ನೆರಳಿನಲ್ಲಿದ್ದ ಗಿಡದ ಮೇಲಿನ ಕೊಂಬೆಗಳನ್ನೆಲ್ಲ ಒಂದೇ ದಿನ ಇಳಿಸಿದರೆ ಬಿಸಿಲು ಹೊಡೆದು ಎಲೆ ಸುಡುತ್ತದೆ. ನೆರಳು ಕಡಿಮೆಯಾಗಲೇಬೇಕು, ಆದರೆ ಗಿಡ ಬಿಸಿಲಿಗೆ ಒಗ್ಗುವಷ್ಟು ಸಮಯ ಕೊಟ್ಟು.

ಆದ್ದರಿಂದಲೇ ವೈದ್ಯರು ಮೇಲಿನ ಮಟ್ಟದಲ್ಲಿ ಬೇಗಬೇಗ ಇಳಿಸಿದರೂ ೧೦ರ ಕೆಳಗೆ ಬಂದಮೇಲೆ ಕೈ ಬಿಗಿಹಿಡಿಯುತ್ತಾರೆ. ೧೦ರಿಂದ ಏಳೂವರೆ, ಅಲ್ಲಿಂದ ೫, ೫ರ ಕೆಳಗೆ ಒಂದೊಂದೇ ಮಿಲಿಗ್ರಾಂ. ೨೦೨೦ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪರೀಕ್ಷೆ ಇಲ್ಲಿ ಉಲ್ಲೇಖಾರ್ಹ. ಟೋಸಿಲಿಜುಮ್ಯಾಬ್ ಎಂಬ ಔಷಧಿಯಿಂದ ರೋಗ ಹತೋಟಿಯಲ್ಲಿದ್ದು, ದಿನಕ್ಕೆ ೫ ಮಿ.ಗ್ರಾಂ ಸ್ಟಿರಾಯ್ಡ್ ಪಡೆಯುತ್ತಿದ್ದ ಸಂಧಿವಾತದ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಾಲ್ಕು ವಾರಕ್ಕೆ ೧ ಮಿ.ಗ್ರಾಂನಂತೆ ಇಳಿಸಿದರು. ೨೪ ವಾರದ ಕೊನೆಗೆ ಗುಳಿಗೆ ಮುಂದುವರಿಸಿದವರಲ್ಲಿ ನೂರಕ್ಕೆ ೭೭ ಮಂದಿ ರೋಗ ಉಲ್ಬಣಿಸದೆ ಹತೋಟಿಯಲ್ಲಿದ್ದರೆ, ಇಳಿಸಿದವರಲ್ಲಿ ೬೫ ಮಂದಿ ಹಾಗೆಯೇ ಇದ್ದರು. ಅಂದರೆ ಕ್ರಮವಾಗಿ ಇಳಿಸಿದರೆ ಮೂವರಲ್ಲಿ ಇಬ್ಬರಿಗೆ ಬಿಡಲು ಸಾಧ್ಯ. ಉಳಿದವರದ್ದು ಅವರ ತಪ್ಪಲ್ಲ, ರೋಗದ ಸ್ವಭಾವ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಗುಳಿಗೆ ಇಳಿಸಿದ ಮೇಲೆ ನೋವು ಬಂದರೆ ಅದು ರೋಗವೇ ಮರಳಿದ್ದೋ, ಮೈ ಗುಳಿಗೆಯನ್ನು ಕೇಳುತ್ತಿರುವುದೋ? ಎರಡಕ್ಕೂ ಮಾಡಬೇಕಾದದ್ದು ಬೇರೆ ಬೇರೆ.

ನಮ್ಮ ಸಂಘದ ಸದಸ್ಯರೊಬ್ಬರ ಮನೆಯ ಅಮ್ಮನಿಗೆ ಎರಡೂ ಆದವು. ಅವರು ಒಪ್ಪಿದ್ದರಿಂದ, ಹೆಸರು ಬಿಟ್ಟು ಬರೆಯುತ್ತಿದ್ದೇವೆ. ೧೦ರಿಂದ ಏಳೂವರೆಗೆ ಇಳಿಸಿ ನಾಲ್ಕನೆಯ ದಿನಕ್ಕೆ ಮೈಕೈಯೆಲ್ಲ ನೋವು, ಸುಸ್ತು, ಯಾರ ಮಾತೂ ಬೇಡವೆನಿಸುವ ಬೇಸರ. ಅಡಿಕೆ ಸುಲಿಯುವ ದಿನಗಳು ಬೇರೆ. ಪಕ್ಕದ ಮನೆಯವರು ಬಂದು, "ಅಕ್ಕಾ, ನಮ್ಮವರಿಗೆ ಸಂತೆಯ ಪುಡಿಯಲ್ಲಿ ಎರಡೇ ದಿನಕ್ಕೆ ವಾಸಿಯಾಯಿತು, ನೀವೂ ತಗೊಂಡು ನೋಡಿ" ಎಂದರಂತೆ. ಮಗ ಪುಡಿಯ ಬದಲು ಅಮ್ಮನನ್ನೇ ಡಾಕ್ಟರರ ಬಳಿ ಕರೆದುಕೊಂಡುಹೋದ. ಅವರು ಬೆರಳಿನ ಒಂದೊಂದು ಗಂಟನ್ನೂ ಒತ್ತಿ ನೋಡಿ, "ಊತ ಇಲ್ಲವಲ್ಲಮ್ಮಾ, ಬಿಸಿಯೂ ಇಲ್ಲ. ಇದು ಗುಳಿಗೆ ಇಳಿಸಿದ್ದರ ನೋವು. ಇದೇ ಪ್ರಮಾಣದಲ್ಲಿ ಹತ್ತು ಹದಿನೈದು ದಿನ ತಡೆದುಕೊಳ್ಳಿ" ಎಂದರು. ಹನ್ನೆರಡನೆಯ ದಿನಕ್ಕೆ ಅಮ್ಮ ಮೊದಲಿನಂತಾದರು.

ಮುಂದೆ ೫ಕ್ಕೆ ಇಳಿದಾಗ ಬಂದದ್ದು ಬೇರೆಯದು. ಎರಡೂ ಮಣಿಕಟ್ಟು ಊದಿ ಬಿಸಿಯಾದವು. ಬೆಳಿಗ್ಗೆ ಎದ್ದರೆ ಹತ್ತು ಗಂಟೆಯಾದರೂ ಬೆರಳು ಮಡಚಲಾಗದು, ಒದ್ದೆ ಬಟ್ಟೆ ಹಿಂಡಲಾಗದು. ರಕ್ತಪರೀಕ್ಷೆಯಲ್ಲಿ ಇ.ಎಸ್.ಆರ್. ಮತ್ತು ಸಿ.ಆರ್.ಪಿ. ಎರಡೂ ಏರಿದ್ದವು. ಇದು ನಿಜವಾದ ಉಲ್ಬಣ. ವಿಚಾರಿಸಿದರೆ, ಕೊಯ್ಲಿನ ಗಡಿಬಿಡಿಯಲ್ಲಿ ಮೂರು ವಾರ ಮೆಥೊಟ್ರೆಕ್ಸೇಟ್ ತಪ್ಪಿಹೋಗಿತ್ತು. ಡಾಕ್ಟರರು ೨೦ಕ್ಕೆ ಹಾರಲಿಲ್ಲ. ಹಿಂದೆ ಯಾವ ಪ್ರಮಾಣದಲ್ಲಿ ನೆಮ್ಮದಿಯಿತ್ತೋ ಆ ಏಳೂವರೆಗೆ ಮರಳಿಸಿ, ವಾರದ ಔಷಧಿಯನ್ನು ಸರಿಪಡಿಸಿ, ಊತ ಇಳಿದಮೇಲೆ ತಿಂಗಳಿಗೊಂದು ಮಿಲಿಗ್ರಾಂನಂತೆ ಇಳಿಸುವ ಚೀಟಿ ಬರೆದುಕೊಟ್ಟರು. ಒಂದೇ ಕೀಲು ಹಟ ಮಾಡುತ್ತಿದ್ದರೆ ಆ ಕೀಲಿಗಷ್ಟೇ ಇಂಜೆಕ್ಷನ್ ಕೊಡುವುದೂ ಉಂಟು. ಪದೇಪದೇ ಹೀಗಾದರೆ ಮೂಲ ಔಷಧಿಯನ್ನೇ ಹೆಚ್ಚಿಸಬೇಕು, ಇಲ್ಲವೇ ಬದಲಿಸಬೇಕು. ಸ್ಟಿರಾಯ್ಡ್ ಏರಿಸಿ ಅಲ್ಲೇ ಬಿಡುವುದು ಚಿಕಿತ್ಸೆಯಲ್ಲ, ಸಾಲ ತೀರಿಸಲು ಇನ್ನೊಂದು ಸಾಲ ಮಾಡಿದಂತೆ.

ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನದ ಔಷಧಿ ಎಂಬುದನ್ನು ಇಲ್ಲಿಯೇ ಒತ್ತಿ ಹೇಳುತ್ತೇವೆ. ತಪ್ಪಿದ ವಾರಗಳನ್ನು ತುಂಬಿಸಲೆಂದು ಒಟ್ಟಿಗೆ ನುಂಗುವುದಾಗಲಿ, ದಿನವೂ ತೆಗೆದುಕೊಳ್ಳುವುದಾಗಲಿ ಪ್ರಾಣಕ್ಕೆ ಅಪಾಯ. ವಾರ ಗೊತ್ತುಮಾಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಸಂತೆಯ ಪುಡಿಯ ಮಾತು ಬಂತಲ್ಲ. ನಾಟಿ ಔಷಧಿಯನ್ನು ಹಳಿಯುವ ಉದ್ದೇಶ ನಮಗಿಲ್ಲ. ಆದರೆ ಎರಡೇ ದಿನಕ್ಕೆ ಹಳೆಯ ಗಂಟುನೋವು ಮಾಯವಾದರೆ ಆ ಪೊಟ್ಟಣದಲ್ಲಿ ಸ್ಟಿರಾಯ್ಡ್ ಬೆರೆತಿದೆಯೇನೋ ಎಂದು ಸಂಶಯಪಡಬೇಕು. ಇಂಥ ಬೆರಕೆ ನಮ್ಮ ದೇಶದಲ್ಲಿ ಎಷ್ಟೋ ಸಲ ಪತ್ತೆಯಾಗಿದೆ. ತಿಂಗಳುಗಟ್ಟಲೆ ಅದನ್ನು ತಿಂದವರು ಒಮ್ಮೆಲೇ ಬಿಟ್ಟರೆ, ಗುಳಿಗೆ ಬಿಟ್ಟವರಿಗೆ ಆಗುವುದೇ ಅವರಿಗೂ ಆಗುತ್ತದೆ. ಗುಳಿಗೆಯ ಗಾತ್ರ ನೋಡಿಯೂ ಮೋಸಹೋಗಬಾರದು. ಡೆಕ್ಸಾಮೆಥಾಸೋನ್ ಮುಕ್ಕಾಲು ಮಿಲಿಗ್ರಾಂ ಎಂದರೆ ಪ್ರೆಡ್ನಿಸೋಲೋನ್ ೫ ಮಿಲಿಗ್ರಾಂಗೆ ಸಮ.

ಒಮ್ಮೆಲೇ ಬಿಟ್ಟರೆ ಆಗುವುದೇನು? ಹಸಿವು ಹೋಗುತ್ತದೆ, ವಾಕರಿಕೆ, ವಾಂತಿ, ಎದ್ದು ನಿಂತರೆ ಕಣ್ಣು ಕತ್ತಲೆ, ಇಳಿದುಹೋಗುವ ರಕ್ತದೊತ್ತಡ. ಜ್ವರ, ಅಪಘಾತ ಅಥವಾ ಆಪರೇಷನ್ ಇದರ ಜೊತೆ ಸೇರಿದರೆ ಪ್ರಾಣಕ್ಕೇ ಬರಬಹುದು. ಮಲಗಿದ ಗ್ರಂಥಿ ಇಂಥ ಹೊತ್ತಿನಲ್ಲಿ ಬೇಕಾದ ಹೆಚ್ಚಿನ ಸ್ಟಿರಾಯ್ಡನ್ನು ಕೊಡಲಾರದು. ಅದಕ್ಕೇ ಜ್ವರ ಬಂದ ದಿನ ಗುಳಿಗೆ ತಪ್ಪಿಸಬಾರದು; ಎಷ್ಟು ಹೆಚ್ಚಿಸಬೇಕೆಂದು ಡಾಕ್ಟರರನ್ನು ಮೊದಲೇ ಕೇಳಿ ಬರೆಸಿಟ್ಟುಕೊಳ್ಳಬೇಕು. ವಾಂತಿಯಿಂದ ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಕಷಾಯ ಕುಡಿದು ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ, "ಇವರು ಸ್ಟಿರಾಯ್ಡ್ ಮೇಲಿದ್ದಾರೆ" ಎಂದು ಮೊದಲ ಮಾತಿಗೇ ಹೇಳಬೇಕು. ಅಲ್ಲಿ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಡುತ್ತಾರೆ.

ಎಲ್ಲ ಊತವೂ ಸಂಧಿವಾತದ್ದೆಂದು ತಿಳಿಯಬಾರದು. ಒಂದೇ ಕೀಲು ದಿಢೀರನೆ ಊದಿ, ಕೆಂಪಾಗಿ, ಮುಟ್ಟಲಾಗದಷ್ಟು ನೋಯುತ್ತಿದ್ದರೆ ಒಳಗೆ ಕೀವಾಗಿರಬಹುದು. ಸ್ಟಿರಾಯ್ಡ್ ಜ್ವರವನ್ನು ಮರೆಮಾಡುವುದರಿಂದ ಮೈ ಬಿಸಿ ಇಲ್ಲವೆಂದು ಸಮಾಧಾನಪಡುವಂತಿಲ್ಲ. ಅದೇ ದಿನ ತೋರಿಸಬೇಕು.

ಬರಿಗಾಲಿನಲ್ಲಿ ತೋಟ ಸುತ್ತುವ ನಮ್ಮವರಿಗೆ ಇನ್ನೊಂದು ಮಾತು. ಒದ್ದೆ ಮಣ್ಣಿನಿಂದ ಕಾಲಿನ ಚರ್ಮದ ಮೂಲಕ ಒಳಹೊಕ್ಕುವ ಸ್ಟ್ರಾಂಜಿಲಾಯ್ಡಿಸ್ ಎಂಬ ಸಣ್ಣ ಹುಳು ಯಾವ ತೊಂದರೆಯನ್ನೂ ತೋರಿಸದೆ ಹತ್ತಾರು ವರ್ಷ ಕರುಳಿನಲ್ಲಿ ಉಳಿಯಬಲ್ಲದು. ಸ್ಟಿರಾಯ್ಡಿನಿಂದ ಮೈಯ ಕಾವಲು ಸಡಿಲವಾದಾಗ ಅದು ಮಿತಿಮೀರಿ ಹೆಚ್ಚಿ ಪ್ರಾಣಾಪಾಯ ತರುತ್ತದೆ. ಅಡಗಿದ್ದ ಕ್ಷಯವೂ ಹೀಗೆಯೇ ಏಳಬಹುದು. ದೀರ್ಘಕಾಲ ಈ ಗುಳಿಗೆ ತೆಗೆದುಕೊಳ್ಳುವವರು, ತೆಗೆದುಕೊಳ್ಳಲಿರುವವರು, ತಾವು ತೋಟದ ಮಣ್ಣಿನಲ್ಲಿ ಕೆಲಸ ಮಾಡುವವರೆಂದು ವೈದ್ಯರಿಗೆ ತಿಳಿಸಿ ಇವೆರಡರ ಪರೀಕ್ಷೆಯನ್ನು ಕೇಳಲಿ. ಐವರ್ಮೆಕ್ಟಿನ್ ಗುಳಿಗೆಯಿಂದ ಆ ಹುಳು ಹೋಗುತ್ತದೆ. ಕಾಲಿಗೆ ಬೂಟು ಎಂದರೆ ಮೂಗು ಮುರಿಯುವವರನ್ನೂ ನಾವು ಬಲ್ಲೆವು.

ಉಳಿದದ್ದು ಸಣ್ಣ ಸಂಗತಿಗಳು. ಗುಳಿಗೆಯನ್ನು ಬೆಳಗಿನ ತಿಂಡಿಯ ಜೊತೆ ತೆಗೆದುಕೊಳ್ಳಿ. ಗ್ರಂಥಿ ಕೆಲಸ ಮಾಡುವ ಹೊತ್ತೂ ಅದೇ. ಅಂಗಡಿಯ ನೋವಿನ ಗುಳಿಗೆಯನ್ನು ಕೇಳದೆ ಸೇರಿಸಿಕೊಂಡರೆ ಹೊಟ್ಟೆಹುಣ್ಣು, ರಕ್ತಸ್ರಾವದ ಭಯ. ಸಕ್ಕರೆ, ರಕ್ತದೊತ್ತಡ, ಕಣ್ಣು ಆಗಾಗ ತೋರಿಸಿ. ಮೂಳೆಗೆ ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವದ ಬಗ್ಗೆ ವಿಚಾರಿಸಿ. ಒಂದು ಹಳೆಯ ಲೆಕ್ಕದ ಪುಸ್ತಕದಲ್ಲಿ ತಾರೀಖು, ಗುಳಿಗೆಯ ಪ್ರಮಾಣ, ಯಾವ ಕೀಲು ಊದಿತು, ಬೆಳಗಿನ ಬಿಗಿತ ಎಷ್ಟು ಹೊತ್ತಿಗೆ ಬಿಟ್ಟಿತು ಎಂದು ದಿನಕ್ಕೊಂದು ಸಾಲು ಬರೆದಿಟ್ಟರೆ ಡಾಕ್ಟರರ ಅರ್ಧ ಕೆಲಸ ಮುಗಿದಂತೆ. ಆ ಅಮ್ಮನ ಪುಸ್ತಕದಲ್ಲಿ ಒಂದು ಬದಿಗೆ ಆಳುಗಳ ಹಾಜರಿ, ಇನ್ನೊಂದು ಬದಿಗೆ ಗಂಟುಗಳ ಹಾಜರಿ.

ಕೊಯ್ಲಿನ ನಡುವೆ ಹೊಸದಾಗಿ ಇಳಿಸುವುದು ಬೇಡವೆಂದಾದರೆ ಡಾಕ್ಟರರಿಗೆ ಹೇಳಿ ಒಂದು ತಿಂಗಳು ಮುಂದೂಡಿಸಿಕೊಳ್ಳಬಹುದು, ಅದರಲ್ಲಿ ಸಂಕೋಚ ಬೇಡ. ಸ್ಟಿರಾಯ್ಡಿನ ಹೆಸರು ಮತ್ತು ಪ್ರಮಾಣ ಬರೆದ ಚೀಟಿ ಜೇಬಿನಲ್ಲಿರಲಿ. ಮಳೆಗಾಲದಲ್ಲಿ ಹಳ್ಳ ಉಕ್ಕಿ ಪೇಟೆಯ ದಾರಿ ಕಟ್ಟುವ ಕಡೆಯವರು, ಆರಿದ್ರಾ ಮಳೆಗೆ ಮುಂಚೆಯೇ ಹದಿನೈದು ದಿನಕ್ಕೆ ಸಾಲುವಷ್ಟು ಗುಳಿಗೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತಂದಿಟ್ಟುಕೊಳ್ಳಲಿ.